ರೂಬ್ರಿಕ್ ಆರಿಸುವುದಕ್ಕಿಂತ ಅದನ್ನು ಬಳಸುವುದೇ ದೊಡ್ಡ ಕೆಲಸ

(ಮುಖ್ಯ ಶಿಕ್ಷಕರು, ಸುತ್ತಮುತ್ತಲ ಶಾಲೆಗಳ ಒಂದು ಗುಂಪಿಗೆ (ಕ್ಲಸ್ಟರ್‌ಗೆ) ನೆರವಾಗುವ ಸಿಆರ್‌ಪಿಗಳು ಮತ್ತು ಕೆಲವು ಖಾಸಗಿ ಶಾಲೆಗಳ ಆಡಳಿತ ಮಂಡಳಿಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿ ಹಾಗೇ ಇದೆ. ಕೆಲವು ಕಡೆ ಮಾತ್ರ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಭೆಗೆ ಕರೆದವರು ಕೇಳಿದ್ದು ಇಷ್ಟೇ: ಶಿಕ್ಷಕರ ಮೌಲ್ಯಮಾಪನಕ್ಕೆ ಯಾವ ರೂಬ್ರಿಕ್ ಒಳ್ಳೆಯದು, ಒಂದು ಹೆಸರು ಹೇಳಿ. ರೂಬ್ರಿಕ್ ಅಂದರೆ, ಬೋಧನೆಯ ಒಂದೊಂದು ಅಂಶಕ್ಕೂ ಒಂದೊಂದು ಸಾಲು, ಪ್ರತಿ ಸಾಲಿಗೂ ಹಂತಗಳು ಇರುವ ಹಾಳೆ. ಹೇಳುತ್ತೇನೆ. ಒಂದಲ್ಲ, ಮೂರು ನಾಲ್ಕು ಹೇಳುತ್ತೇನೆ. ಆದರೆ ನನ್ನ ಅಭಿಪ್ರಾಯ ಮೊದಲೇ ತಿಳಿಸಿಬಿಡುತ್ತೇನೆ. ಯಾವ ರೂಬ್ರಿಕ್ ಆರಿಸಬೇಕು ಅಂತ ಎರಡು ತಿಂಗಳು ಸಭೆ ಮೇಲೆ ಸಭೆ ಮಾಡಿ, ಅದನ್ನು ಹಿಡಿದು ತರಗತಿಗೆ ಹೋಗುವವರ ತರಬೇತಿಗೆ ಮಾತ್ರ ಅರ್ಧ ದಿನ ಇಟ್ಟರೆ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಈಗ ನಮ್ಮಲ್ಲಿ ಏನು ನಡೆಯುತ್ತಿದೆ ನೋಡಿ. ಯಾರೋ ಒಬ್ಬರು ಶಾಲೆಗೆ ಬರುತ್ತಾರೆ. ಹಾಜರಿ ಪುಸ್ತಕ ನೋಡುತ್ತಾರೆ, ಪಾಠ ಯೋಜನೆಗೆ ಸಹಿ ಹಾಕುತ್ತಾರೆ, ಒಂದು ತರಗತಿಯಲ್ಲಿ ಹತ್ತು ನಿಮಿಷ ಕೂರುತ್ತಾರೆ. ಆಮೇಲೆ ಸಂದರ್ಶನ ಪುಸ್ತಕದಲ್ಲಿ ಬರೆಯುತ್ತಾರೆ: "ಪಾಠ ಚೆನ್ನಾಗಿತ್ತು. ಮಕ್ಕಳ ಭಾಗವಹಿಸುವಿಕೆ ಹೆಚ್ಚಿಸಲು ಸೂಚಿಸಲಾಯಿತು." ವರ್ಷದ ಕೊನೆಗೆ ಕಾರ್ಯನಿರ್ವಹಣಾ ವರದಿಯಲ್ಲಿ "ಉತ್ತಮ" ಅಥವಾ "ಅತ್ಯುತ್ತಮ" ಅಂತ ಬರುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದ ಶಿಕ್ಷಕಿಗೂ ಹೋದ ವರ್ಷ ಸೇರಿದ ಹುಡುಗನಿಗೂ ಅದೇ ಪದ. ಇದನ್ನು ಓದಿದವರು ನಾಳೆಯ ಪಾಠದಲ್ಲಿ ಏನು ಬದಲಾಯಿಸಬೇಕು? ಅದು ಅಲ್ಲಿ ಇಲ್ಲವೇ ಇಲ್ಲ.

ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2009ರಲ್ಲಿ ಟಿಎನ್‌ಟಿಪಿ ಅನ್ನುವ ಸಂಸ್ಥೆ ಹಲವು ಜಿಲ್ಲೆಗಳ ಶಿಕ್ಷಕರ ಮೌಲ್ಯಮಾಪನ ದಾಖಲೆಗಳನ್ನು ತೆಗೆದು ನೋಡಿತು. "ತೃಪ್ತಿಕರ", "ಅತೃಪ್ತಿಕರ" ಅಂತ ಎರಡೇ ಆಯ್ಕೆ ಇದ್ದ ಜಿಲ್ಲೆಗಳಲ್ಲಿ 99 ಶೇಕಡಕ್ಕಿಂತ ಜಾಸ್ತಿ ಶಿಕ್ಷಕರು ತೃಪ್ತಿಕರ. ಅಂದರೆ ತುಂಬ ಚೆನ್ನಾಗಿ ಕಲಿಸುವವರನ್ನು ಯಾರೂ ಗುರುತಿಸಲಿಲ್ಲ, ಕಷ್ಟಪಡುತ್ತಿದ್ದವರಿಗೆ ಯಾರೂ ನೆರವಾಗಲಿಲ್ಲ. ಅಲ್ಲಿಂದ ಆ ದೇಶದಲ್ಲಿ ರೂಬ್ರಿಕ್‌ಗಳ ದೊಡ್ಡ ಅಲೆ ಎದ್ದಿತು. ಆ ಅಲೆಯಿಂದ ನಾವು ಕಲಿಯೋದು ತುಂಬಾ ಇದೆ, ಯಾಕೆಂದರೆ ಅವರು ಸರಿ ಮಾಡಿದ್ದೂ ತಪ್ಪು ಮಾಡಿದ್ದೂ ಎರಡೂ ಅಧ್ಯಯನಗಳಲ್ಲಿ ದಾಖಲಾಗಿದೆ.

ಮೊದಲು ರೂಬ್ರಿಕ್‌ನ ಒಂದೇ ಒಂದು ಸಾಲು ನೋಡೋಣ. ಇಡೀ ಹಾಳೆ ಬೇಡ. ಸಾಲಿನ ಹೆಸರು "ಪ್ರಶ್ನೆ ಕೇಳುವುದು" ಅಂತ ಇಟ್ಟುಕೊಳ್ಳಿ.

ಮೊದಲ ಹಂತದಲ್ಲಿ ಹೀಗಿರುತ್ತದೆ: ಪ್ರಶ್ನೆಗಳಿಗೆಲ್ಲ ಒಂದೇ ಪದದ ಉತ್ತರ. ಇಡೀ ತರಗತಿ ಒಟ್ಟಿಗೆ ಕೂಗುತ್ತದೆ, ಇಲ್ಲದಿದ್ದರೆ ಶಿಕ್ಷಕರೇ ಉತ್ತರ ಹೇಳಿ ಮುಂದೆ ಹೋಗುತ್ತಾರೆ. ಎರಡನೆಯದರಲ್ಲಿ, ಯೋಚನೆ ಬೇಕಾದ ಪ್ರಶ್ನೆ ಒಂದೆರಡು ಇವೆ, ಆದರೆ ಉತ್ತರ ಬರುವುದು ಮುಂದಿನ ಸಾಲಿನ ಮೂರು ನಾಲ್ಕು ಮಕ್ಕಳಿಂದ ಮಾತ್ರ. ಮೂರನೆಯದರಲ್ಲಿ, "ಯಾಕೆ", "ಹೇಗೆ ಗೊತ್ತಾಯಿತು" ಅಂತ ಶಿಕ್ಷಕರು ಕೇಳುತ್ತಾರೆ, ಕೇಳಿದ ಮೇಲೆ ಕಾಯುತ್ತಾರೆ, ಕೈ ಎತ್ತದ ಮಕ್ಕಳನ್ನೂ ಮಾತಾಡಿಸುತ್ತಾರೆ. ನಾಲ್ಕನೆಯದರಲ್ಲಿ, ಒಂದು ಮಗು ಹೇಳಿದ ಉತ್ತರದ ಬಗ್ಗೆ ಇನ್ನೊಂದು ಮಗು ಪ್ರಶ್ನೆ ಕೇಳುತ್ತದೆ.

ನೋಡಿ, ಈ ನಾಲ್ಕು ಹಂತಗಳಲ್ಲಿ "ಚೆನ್ನಾಗಿ", "ಪರಿಣಾಮಕಾರಿಯಾಗಿ" ಅನ್ನುವ ಪದಗಳೇ ಇಲ್ಲ. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಮಾತ್ರ ಇದೆ. ಎರಡನೇ ಹಂತದಲ್ಲಿರುವ ಶಿಕ್ಷಕಿ ಮೂರನೇ ಹಂತ ಓದಿದರೆ ಸಾಕು, ನಾಳೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಆದರೆ ಎಷ್ಟೋ ರೂಬ್ರಿಕ್‌ಗಳಲ್ಲಿ ಒಂದೇ ವಾಕ್ಯ ಬರೆದು "ಅಪರೂಪಕ್ಕೆ, ಕೆಲವೊಮ್ಮೆ, ಸಾಮಾನ್ಯವಾಗಿ, ಯಾವಾಗಲೂ" ಅಂತ ಹಂತ ಮಾಡಿರುತ್ತಾರೆ. ಅಂಥದ್ದನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ವರ್ಷಕ್ಕೆ ಎರಡು ಸಲ ತರಗತಿಗೆ ಹೋದವರಿಗೆ "ಯಾವಾಗಲೂ" ಹೇಗೆ ಗೊತ್ತಾಗಬೇಕು?

ಆಯ್ಕೆಗೆ ನಾನು ಬಳಸುವ ಪರೀಕ್ಷೆ ಒಂದೇ. ಇಬ್ಬರು ಒಂದೇ ತರಗತಿಯಲ್ಲಿ ಕೂತು, ಪರಸ್ಪರ ಮಾತಾಡದೆ, ಆ ಸಾಲಿಗೆ ಹಂತ ಬರೆಯಲಿ. ಇಬ್ಬರದೂ ಹೊಂದಿಕೆಯಾದರೆ ಸಾಲು ಚೆನ್ನಾಗಿದೆ. ಒಬ್ಬರು 1 ಇನ್ನೊಬ್ಬರು 4 ಬರೆದರೆ ಸಾಲು ತಿದ್ದಬೇಕು, ಇಲ್ಲ ಕೈಬಿಡಬೇಕು.

ಈಗ ಹೆಸರುಗಳಿಗೆ ಬರೋಣ. ತುಂಬಾ ಬಳಕೆಯಲ್ಲಿರುವುದು ಅಮೆರಿಕದ ಶಿಕ್ಷಣ ತಜ್ಞೆ ಶಾರ್ಲೆಟ್ ಡೇನಿಯಲ್‌ಸನ್ 1996ರಲ್ಲಿ ಕೊಟ್ಟ ಚೌಕಟ್ಟು. ನಾಲ್ಕು ಕ್ಷೇತ್ರ, 22 ಅಂಶ. ಪಾಠದ ಸಿದ್ಧತೆ, ತರಗತಿಯ ವಾತಾವರಣ, ಬೋಧನೆ, ವೃತ್ತಿಯ ಹೊಣೆ. ಭಾಷೆ ಸೂಕ್ಷ್ಮವಾಗಿದೆ, ಚರ್ಚೆಗೆ ಬಹಳ ಒಳ್ಳೆಯದು, ಆದರೆ ಒಂದು ಪಾಠ ನೋಡಿ 22ನ್ನೂ ತುಂಬಲು ಹೊರಟರೆ ತರಗತಿ ಕಾಣುವುದಿಲ್ಲ, ಹಾಳೆ ಮಾತ್ರ ಕಾಣುತ್ತದೆ. ಬಾಸ್ಟನ್ನಿನಲ್ಲಿ ಬಹಳ ಕಾಲ ಪ್ರಾಂಶುಪಾಲರಾಗಿದ್ದ ಕಿಮ್ ಮಾರ್ಷಲ್ ಅವರ ರೂಬ್ರಿಕ್‌ನಲ್ಲಿ ಆರು ಕ್ಷೇತ್ರ, ಒಂದೊಂದರಲ್ಲಿ ಹತ್ತು ಸಾಲು, ಒಟ್ಟು 60. ಅವರು ಅದನ್ನು ಪ್ರತಿ ಭೇಟಿಯಲ್ಲೂ ತುಂಬಬೇಡಿ ಅನ್ನುತ್ತಾರೆ. ವರ್ಷಕ್ಕೆ ಸುಮಾರು ಹತ್ತು ಸಲ, ಹತ್ತು ಹದಿನೈದು ನಿಮಿಷದ ಚಿಕ್ಕ ಭೇಟಿ. ಪ್ರತಿ ಭೇಟಿ ಆದ ಮೇಲೆ ಎದುರು ಕೂತು ಮಾತು. ರೂಬ್ರಿಕ್ ತೆಗೆಯುವುದು ವರ್ಷದ ಕೊನೆಗೆ, ಅದೂ ಶಿಕ್ಷಕರು ತಮ್ಮದನ್ನು ತಾವೇ ತುಂಬಿಕೊಂಡು ಬಂದ ಮೇಲೆ, ಎರಡನ್ನೂ ಪಕ್ಕಪಕ್ಕ ಇಟ್ಟು. ನನಗೆ ಈ ಕ್ರಮ ತುಂಬಾ ಹಿಡಿಸಿದೆ. ಅವರು ಅದನ್ನು ಉಚಿತವಾಗಿಯೇ ಹಂಚುತ್ತಾರೆ.

ನಮ್ಮ ದೇಶದ್ದೇ ಬೇಕು ಅಂದರೆ ಎನ್‌ಸಿಇಆರ್‌ಟಿಯ ಪಿಂಡಿಕ್ಸ್ ಇದೆ, 2013ರದು. ಏಳು ಮಾನದಂಡ, ನಾಲ್ಕು ಹಂತ. ಶಿಕ್ಷಕರ ಸ್ವಮೌಲ್ಯಮಾಪನದಿಂದಲೇ ಶುರು ಮಾಡುತ್ತದೆ ಅನ್ನೋದು ಅದರ ದೊಡ್ಡ ಗುಣ. ಆದರೆ ಹಂತಗಳನ್ನು "ನಿರೀಕ್ಷೆ ಮುಟ್ಟಿಲ್ಲ"ದಿಂದ "ನಿರೀಕ್ಷೆ ಮೀರಿದೆ"ವರೆಗೆ ಸಾಮಾನ್ಯ ಮಾತಿನಲ್ಲಿ ಹೇಳಿದೆ. ಹಾಗಾಗಿ ನಿಮ್ಮ ಶಾಲೆಯಲ್ಲಿ ಆ ಹಂತ ನೋಡುವುದಕ್ಕೆ ಹೇಗಿರುತ್ತದೆ ಅಂತ ನೀವೇ ಕೂತು ಬರೆಯಬೇಕು. ಈ ಕೆಲಸ ಮಾಡದೆ ಸುಮ್ನೆ ಅಂಕ ತುಂಬಿದರೆ ಎಲ್ಲರಿಗೂ 3 ಬರುತ್ತದೆ. ಇನ್ನೊಂದು ವಿಶ್ವಬ್ಯಾಂಕಿನ "ಟೀಚ್", 2019ರದು, ಇದೂ ಉಚಿತ. ನಮ್ಮಂಥ ದೇಶಗಳ ಪ್ರಾಥಮಿಕ ಶಾಲೆಗಳಿಗಾಗಿಯೇ ಮಾಡಿದ್ದು. ಹದಿನೈದು ನಿಮಿಷದ ಎರಡು ವೀಕ್ಷಣೆ. ನಡುವೆ ಮೂರು ಸಲ ತಲೆಯೆತ್ತಿ, ಶಿಕ್ಷಕರು ಮಕ್ಕಳಿಗೆ ಕೆಲಸ ಕೊಟ್ಟಿದ್ದಾರಾ, ಎಷ್ಟು ಮಕ್ಕಳು ಅದನ್ನು ಮಾಡುತ್ತಿದ್ದಾರೆ ಅಂತ ಎಣಿಸಬೇಕು. ಇದನ್ನು ಬಳಸುವವರು ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ಪರೀಕ್ಷೆ ಯಾರಿಗೆ? ನೋಡುವವರಿಗೆ. ಇದು ಎಲ್ಲ ಕಡೆ ಬರಬೇಕಾದ ನಿಯಮ.

ಯಾವುದನ್ನೇ ತೆಗೆದುಕೊಂಡರೂ ನಿಮ್ಮ ತರಗತಿಗೆ ಅದು ಹೊಂದುತ್ತದಾ ನೋಡಿ. ನಲಿಕಲಿ ತರಗತಿಯನ್ನೇ ನೆನಪಿಸಿಕೊಳ್ಳಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಮಕ್ಕಳು ಕೂರುವ ಒಂದೊಂದು ಗುಂಪಿಗೂ ಅಲ್ಲಿ ತಟ್ಟೆ ಅನ್ನುತ್ತಾರೆ. ಒಂದು ತಟ್ಟೆಯ ಮಕ್ಕಳಿಗೆ ಪೂರ್ಣ ಶಿಕ್ಷಕರ ಸಹಾಯ, ಇನ್ನೊಂದಕ್ಕೆ ಭಾಗಶಃ, ಮತ್ತೊಂದರಲ್ಲಿ ಗೆಳೆಯರ ಸಹಾಯ, ಇನ್ನೂ ಒಂದರಲ್ಲಿ ಸ್ವಕಲಿಕೆ. ಶಿಕ್ಷಕಿ ನೆಲದ ಮೇಲೆ ಕೂತಿರುತ್ತಾರೆ. ಕರಿಹಲಗೆ ಮುಂದೆ ನಿಂತು ಇಡೀ ತರಗತಿಗೆ ಪಾಠ ಮಾಡುವುದು ಅಲ್ಲಿ ಇಲ್ಲವೇ ಇಲ್ಲ. ಈಗ ಯಾರಾದರೂ "ಪಾಠದ ಉದ್ದೇಶವನ್ನು ಹಲಗೆ ಮೇಲೆ ಬರೆದು ಎಲ್ಲರಿಗೂ ವಿವರಿಸಿದ್ದಾರೆ" ಅನ್ನುವ ಸಾಲು ಹಿಡಿದು ಹೋದರೆ ಆ ಶಿಕ್ಷಕಿಗೆ 1 ಸಿಗುತ್ತದೆ. ಅಲ್ಲಿ ನೋಡಬೇಕಾದ್ದೇ ಬೇರೆ: ಗೆಳೆಯರ ಸಹಾಯದ ತಟ್ಟೆಯಲ್ಲಿ ಮಕ್ಕಳು ನಿಜವಾಗಿ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದಾರಾ, ಮಗು ಕಾರ್ಡು ಮುಗಿಸಿದ ಮೇಲೆ ಮುಂದಿನದನ್ನು ತಾನೇ ಹುಡುಕಿಕೊಳ್ಳುತ್ತದಾ, ಶಿಕ್ಷಕಿಗೆ ಯಾವ ಮಗು ಕಲಿಕೆಯ ಏಣಿಯ ಯಾವ ಮೆಟ್ಟಿಲಲ್ಲಿ ನಿಂತಿದೆ ಗೊತ್ತಾ. ಹೊರಗಿನ ರೂಬ್ರಿಕ್ ತಂದರೆ ಈ ತರಗತಿಗಳಿಗೆ ಸಾಲುಗಳನ್ನು ಹೊಸದಾಗಿ ಬರೆಯಲೇಬೇಕು, ಅದನ್ನು ನಲಿಕಲಿ ಶಿಕ್ಷಕಿಯರೇ ಬರೆಯಬೇಕು.

ಆಯ್ಕೆಯ ಮಾತು ಇಲ್ಲಿಗೆ ಸಾಕು. ನಿಜವಾದ ಕೆಲಸ ಇನ್ನು ಮುಂದೆ.

ಅಮೆರಿಕದ ಶಿಕಾಗೋದಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2008-09ರಲ್ಲಿ ಅಲ್ಲಿ 44 ಪ್ರಾಥಮಿಕ ಶಾಲೆಗಳಲ್ಲಿ ಡೇನಿಯಲ್‌ಸನ್ ಚೌಕಟ್ಟು ಬಳಸಿ ಹೊಸ ಮೌಲ್ಯಮಾಪನ ಶುರು ಮಾಡಿದರು. ಮುಂದಿನ ವರ್ಷ ಇನ್ನೂ 48 ಶಾಲೆ ಸೇರಿದವು. ಅದೇ ರೂಬ್ರಿಕ್, ಅದೇ ಊರು, ಅದೇ ನಿಯಮ. ಮೊದಲ ಗುಂಪಿನ ಶಾಲೆಗಳಲ್ಲಿ ಮಕ್ಕಳ ಓದುವ ಮಟ್ಟ ಏರಿತು. ಎರಡನೇ ಗುಂಪಿನಲ್ಲಿ ಏನೂ ಆಗಲಿಲ್ಲ. ವ್ಯತ್ಯಾಸ ಎಲ್ಲಿತ್ತು ಅಂದರೆ, ಮೊದಲ ಗುಂಪಿನ ಪ್ರಾಂಶುಪಾಲರಿಗೆ ಗಟ್ಟಿಯಾದ ತರಬೇತಿ ಇತ್ತು, ವರ್ಷವಿಡೀ ಬೆಂಬಲ ಇತ್ತು. ಎರಡನೇ ಗುಂಪಿಗೆ ಅದು ತುಂಬಾ ಕಡಿಮೆಯಾಯಿತು. ಹಾಳೆ ಒಂದೇ, ಫಲ ಬೇರೆ. ಮುಂದಿನ ಸಲ ಯಾರಾದರೂ ನಿಮಗೆ ರೂಬ್ರಿಕ್ ಮಾರಲು ಬಂದರೆ ಇದನ್ನು ನೆನಪಿಟ್ಟುಕೊಂಡು, ತರಬೇತಿ ಎಷ್ಟು ದಿನ, ಎರಡನೇ ವರ್ಷ ಯಾರು ಬರುತ್ತಾರೆ ಅಂತ ಕೇಳಿ.

ಅಮೆರಿಕದ್ದೇ ಇನ್ನೊಂದು ಊರು ಸಿನ್ಸಿನಾಟಿ. ಅಲ್ಲಿ ಒಬ್ಬ ಶಿಕ್ಷಕರನ್ನು ವರ್ಷದಲ್ಲಿ ನಾಲ್ಕು ಸಲ ನೋಡುತ್ತಿದ್ದರು. ಮೂರು ಸಲ ಬೇರೆ ಶಾಲೆಯಿಂದ ಬಂದ ತರಬೇತಿ ಪಡೆದ ಅನುಭವಿ ಶಿಕ್ಷಕರು, ಒಂದು ಸಲ ಅವರದೇ ಪ್ರಾಂಶುಪಾಲರು. ಕೆಲವು ವರ್ಷ ಸೇವೆ ಮಾಡಿದ್ದ ಶಿಕ್ಷಕರನ್ನು ಅಧ್ಯಯನ ಮಾಡಿದಾಗ, ಮೌಲ್ಯಮಾಪನ ನಡೆದ ವರ್ಷ ಅವರ ಮಕ್ಕಳ ಗಣಿತ ಸುಧಾರಿಸಿತು. ಅದಾದ ಮೇಲಿನ ವರ್ಷಗಳಲ್ಲಿ ಇನ್ನೂ ಜಾಸ್ತಿ ಸುಧಾರಿಸಿತು, ಯಾರೂ ನೋಡಲು ಬರದಿದ್ದಾಗಲೂ. ನನಗೆ ಈ ಕೊನೆಯ ಮಾತು ತುಂಬಾ ಮುಖ್ಯ. ಭಯದಿಂದ ಬಂದ ಬದಲಾವಣೆ ಆಗಿದ್ದರೆ ನೋಡುವವರು ಹೋದ ಮೇಲೆ ಅದೂ ಹೋಗಬೇಕಿತ್ತು.

ಹಾಗಾದರೆ ತರಬೇತಿಯಲ್ಲಿ ಮಾಡುವುದೇನು? ಒಂದು ಪಾಠದ ವಿಡಿಯೋ ಹಾಕಿ. ನೋಡುವವರೆಲ್ಲ ಕಂಡದ್ದನ್ನು ಮಾತ್ರ ಬರೆಯಲಿ. ಅಭಿಪ್ರಾಯ ಬೇಡ. ಇದು ಹೇಳಿದಷ್ಟು ಸುಲಭ ಅಲ್ಲ, ನಾವೆಲ್ಲ ಅಭಿಪ್ರಾಯ ಬರೆದೇ ಅಭ್ಯಾಸ ಆದವರು.

ಒಂದು ಉದಾಹರಣೆ ತೆಗೆದುಕೊಳ್ಳಿ. ಐದನೇ ತರಗತಿ, ಭಿನ್ನರಾಶಿ. ಶಿಕ್ಷಕಿ ಹಲಗೆ ಮೇಲೆ ಎರಡು ರೊಟ್ಟಿ ಬರೆದು, ಒಂದನ್ನು ಎರಡು ಭಾಗ, ಇನ್ನೊಂದನ್ನು ಮೂರು ಭಾಗ ಮಾಡಿ, "1/2 ದೊಡ್ಡದೋ 1/3 ದೊಡ್ಡದೋ" ಅಂತ ಕೇಳುತ್ತಾರೆ. ಕಿಟಕಿ ಪಕ್ಕದ ಹುಡುಗ ಎದ್ದು "1/3 ಮಿಸ್" ಅನ್ನುತ್ತಾನೆ. "ತಪ್ಪು, ಕೂತ್ಕೋ" ಅಂತ ಶಿಕ್ಷಕಿ ಇನ್ನೊಬ್ಬಳನ್ನು ಕೇಳುತ್ತಾರೆ. ಅವಳು "1/2" ಅನ್ನುತ್ತಾಳೆ. "ಗುಡ್. ಎಲ್ಲರಿಗೂ ಗೊತ್ತಾಯ್ತಾ?" "ಗೊತ್ತಾಯ್ತು ಮಿಸ್!"

ಇದನ್ನು ನೋಡಿ ಒಬ್ಬರು ಬರೆಯುತ್ತಾರೆ: "ಚಿತ್ರ ಬಳಸಿ ಪರಿಣಾಮಕಾರಿ ಬೋಧನೆ. ಮಕ್ಕಳು ಉತ್ಸಾಹದಿಂದ ಉತ್ತರಿಸಿದರು." ಇನ್ನೊಬ್ಬರು ಹೀಗೆ ಬರೆಯುತ್ತಾರೆ: "ಹುಡುಗ 1/3 ಅಂದ. ಯಾಕೆ ಅಂತ ಕೇಳಲಿಲ್ಲ. ಒಂದು ಸರಿ ಉತ್ತರ ಬಂದ ಮೇಲೆ ಮುಂದೆ ಹೋದರು. ಗೊತ್ತಾಯ್ತಾ ಅಂದಾಗ ಎಲ್ಲರೂ ಒಟ್ಟಿಗೆ ಹೌದು ಅಂದರು." ಎರಡನೆಯದು ಸಾಕ್ಷಿ. ಇದರ ಮೇಲೆ ರೂಬ್ರಿಕ್‌ನ ಸಾಲು ಇಟ್ಟು ನೋಡಿದರೆ ಹಂತ ತಾನಾಗಿಯೇ ಕಾಣುತ್ತದೆ, ಜಗಳಕ್ಕೆ ಜಾಗ ಕಡಿಮೆ.

ಆಮೇಲಿನ ಮಾತುಕತೆ ಹೇಗಿರಬೇಕು? ಅದೇ ದಿನ, ತಡ ಅಂದರೆ ಮಾರನೇ ದಿನ, ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಅಲ್ಲ, ಬೇರೆಯಾಗಿ ಕೂತು.

"ಮೇಡಂ, ಕಿಟಕಿ ಹತ್ತಿರ ಕೂತಿದ್ದ ಹುಡುಗ 1/3 ಅಂದನಲ್ಲ, ಯಾಕೆ ಹಾಗಂದ ಅನ್ನಿಸುತ್ತೆ ನಿಮಗೆ?"

"ಎರಡಕ್ಕಿಂತ ಮೂರು ದೊಡ್ಡದಲ್ವಾ ಸರ್, ಅದನ್ನ ನೋಡಿ ಹೇಳಿರ್ತಾನೆ."

"ಇನ್ನೂ ಎಷ್ಟು ಜನ ಹಾಗೇ ಅಂದುಕೊಂಡಿರಬಹುದು?"

"ಇರ್ತಾರೆ ಸರ್, ಹಿಂದಿನ ಸಾಲಿನವರು ಬಾಯೇ ಬಿಡಲಿಲ್ಲ. ನಾಳೆ ಎಲ್ಲರ ಕೈಲೂ ಕಾಗದ ಮಡಿಸಿ ನೋಡಿಸ್ತೀನಿ."

ಮುಗಿಯಿತು. ಐದು ನಿಮಿಷ. ಇಲ್ಲಿ ಯಾರೂ ಅಂಕದ ಹೆಸರು ಎತ್ತಲಿಲ್ಲ. ಆ ಮೇಡಂಗೆ ಉತ್ತರ ಗೊತ್ತಿತ್ತು, ಪಾಠದ ಓಟದಲ್ಲಿ ನಿಂತು ನೋಡಲು ಆಗಿರಲಿಲ್ಲ ಅಷ್ಟೇ. ನಮ್ಮ ಶಿಕ್ಷಕರಲ್ಲಿ ಹೆಚ್ಚಿನವರು ಹೀಗೇ, ಅವರಿಗೆ ಬೇಕಾಗಿರುವುದು ತರಗತಿಯಲ್ಲಿ ಇನ್ನೊಂದು ಜೊತೆ ಕಣ್ಣು.

ಅಂಕದ ವಿಷಯಕ್ಕೆ ಬಂದೆ, ಹೇಳಿಯೇಬಿಡುತ್ತೇನೆ. ಒಬ್ಬರೇ ಒಂದು ಸಲ ನೋಡಿ ಕೊಟ್ಟ ಅಂಕವನ್ನು ನಂಬಬೇಡಿ. ಗೇಟ್ಸ್ ಪ್ರತಿಷ್ಠಾನ ಸುಮಾರು 3000 ಶಿಕ್ಷಕರ ಜೊತೆ ನಡೆಸಿದ ದೊಡ್ಡ ಅಧ್ಯಯನದಲ್ಲಿ ಕಂಡದ್ದು ಇದು: ಒಬ್ಬರೇ ಎರಡು ಸಲ ನೋಡುವುದಕ್ಕಿಂತ ಇಬ್ಬರು ಒಂದೊಂದು ಸಲ ನೋಡಿದರೆ ಅಂಕ ಹೆಚ್ಚು ನಂಬಿಕೆಗೆ ಅರ್ಹ. ಎರಡನೆಯವರು ಹದಿನೈದು ನಿಮಿಷ ಕೂತರೂ ಲಾಭ ಇದೆ. ಇನ್ನೊಂದು ವಿಷಯವೂ ಕಂಡಿತು. ನಾಲ್ಕು ಹಂತ ಇದ್ದರೂ ಅಂಕಗಳಲ್ಲಿ ಬಹುಪಾಲು 2 ಮತ್ತು 3ರಲ್ಲೇ ಬಂದು ಗುಂಪಾಗುತ್ತವೆ. ಹಾಗಿರುವಾಗ 2.7 ಬಂದವರು 2.6 ಬಂದವರಿಗಿಂತ ಮೇಲು ಅಂತ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಾಕುವುದು ಅನ್ಯಾಯ.

ಅಮೆರಿಕದಲ್ಲಿ 2009ರಲ್ಲಿ ಕೇಂದ್ರ ಸರ್ಕಾರ 435 ಕೋಟಿ ಡಾಲರ್ ಸ್ಪರ್ಧೆಗೆ ಇಟ್ಟು, ಶಿಕ್ಷಕರ ಮೌಲ್ಯಮಾಪನ ಬಿಗಿ ಮಾಡಿದ ರಾಜ್ಯಗಳಿಗೆ ಆದ್ಯತೆ ಅಂದಿತು. ರಾಜ್ಯಗಳು ಅವಸರದಲ್ಲಿ ರೂಬ್ರಿಕ್ ತಂದವು. ಅದಕ್ಕೆ ಮಕ್ಕಳ ಪರೀಕ್ಷೆಯ ಅಂಕವನ್ನೂ ಕೂಡಿಸಿ, ಸಂಬಳ, ಬಡ್ತಿ, ಕೆಲಸದ ಭದ್ರತೆ ಎಲ್ಲಕ್ಕೂ ಗಂಟು ಹಾಕಿದವು. ಏನಾಯಿತು? 2017ರಲ್ಲಿ ಇಬ್ಬರು ಸಂಶೋಧಕರು 24 ರಾಜ್ಯಗಳ ಅಂಕಿಅಂಶ ನೋಡಿದಾಗ, ಹೆಚ್ಚಿನ ರಾಜ್ಯಗಳಲ್ಲಿ ಕೊನೆಯ ಹಂತದಲ್ಲಿದ್ದವರು ಇನ್ನೂ ಒಂದು ಶೇಕಡಕ್ಕಿಂತ ಕಡಿಮೆ. ಗೇಟ್ಸ್ ಪ್ರತಿಷ್ಠಾನವೇ ಹಣ ಹಾಕಿ ಇದೇ ದಾರಿಯಲ್ಲಿ ನಡೆಸಿದ ಇನ್ನೊಂದು ದೊಡ್ಡ ಯೋಜನೆಯನ್ನು ರ‍್ಯಾಂಡ್ ಸಂಶೋಧನಾ ಸಂಸ್ಥೆ ಪರಿಶೀಲಿಸಿ, ಮಕ್ಕಳ ಕಲಿಕೆಯಲ್ಲಿ ನಿರೀಕ್ಷಿಸಿದ ಸುಧಾರಣೆ ಬರಲಿಲ್ಲ ಅಂತ 2018ರಲ್ಲಿ ಹೇಳಿತು. ನನಗೆ ಇದು ಆಶ್ಚರ್ಯ ತರುವುದಿಲ್ಲ. ಸಹೋದ್ಯೋಗಿಯ ಇನ್‌ಕ್ರಿಮೆಂಟು ನನ್ನ ಪೆನ್ನಿನ ತುದಿಯಲ್ಲಿದ್ದರೆ ನಾನು 2 ಅಂತ ಬರೆಯುವುದು ಕಷ್ಟ. ಅವರೂ ತಮ್ಮ ತೊಂದರೆ ನನ್ನ ಹತ್ತಿರ ಹೇಳಿಕೊಳ್ಳುವುದಿಲ್ಲ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲೂ ಅದು ಬರುವ ಹಾದಿಯಲ್ಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ರಾಷ್ಟ್ರಮಟ್ಟದ ವೃತ್ತಿಪರ ಮಾನದಂಡ ತರಲು ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಗೆ ಹೇಳಿದೆ. ಬಡ್ತಿ ಮತ್ತು ಸಂಬಳ ಏರಿಕೆ ಸೇವೆಯ ವರ್ಷಗಳ ಮೇಲೆ ನಡೆಯದೆ ಇಂಥ ಮೌಲ್ಯಮಾಪನದ ಮೇಲೆ ನಡೆಯಬೇಕು ಅಂತಲೂ ಅದರಲ್ಲಿ ಇದೆ. ಅದು ಕಟ್ಟುನಿಟ್ಟಾಗಿ ಜಾರಿಗೆ ಬರುವ ಮುಂಚೆ ನಾವು ತರಗತಿ ನೋಡುವುದನ್ನು, ನೋಡಿದ್ದನ್ನು ಪ್ರಾಮಾಣಿಕವಾಗಿ ಮಾತಾಡುವುದನ್ನು ಕಲಿತಿರಬೇಕು. ಖಾಸಗಿ ಶಾಲೆಯ ಆಡಳಿತ ಮಂಡಳಿಯವರಿಗೆ ನನ್ನ ಕೈಮುಗಿದ ಮನವಿ: ಮೊದಲ ಎರಡು ವರ್ಷ ರೂಬ್ರಿಕ್‌ಗೂ ಸಂಬಳಕ್ಕೂ ಯಾವ ಸಂಬಂಧವನ್ನೂ ಇಡಬೇಡಿ. ಇಡುವುದಿಲ್ಲ ಅಂತ ಬರೆದು ಕೊಡಿ.

ಇನ್ನು ಮುಖ್ಯ ಶಿಕ್ಷಕರು, ಆಡಳಿತದವರು. ಶಿಕ್ಷಕರನ್ನು ಅಳೆಯುವವರನ್ನು ಅಳೆಯುವವರು ಯಾರು? ನಮ್ಮಲ್ಲಿ ಎಚ್‌ಎಂ ಕೆಲಸ ಅಂದರೆ ಬಿಸಿಯೂಟದ ಅಕ್ಕಿ ಲೆಕ್ಕ, ಮೊಟ್ಟೆ ಬಿಲ್ಲು, ಎಸ್‌ಎಟಿಎಸ್‌ನಲ್ಲಿ (ಮಕ್ಕಳ ವಿವರ ದಾಖಲಿಸುವ ಸರ್ಕಾರದ ಜಾಲತಾಣದಲ್ಲಿ) ಮಾಹಿತಿ ತುಂಬುವುದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ. ಇದಿಷ್ಟೂ ಸರಿ ಇದ್ದರೆ ಒಳ್ಳೆಯ ಎಚ್‌ಎಂ. ಅವರು ಈ ತಿಂಗಳು ಎಷ್ಟು ತರಗತಿಯಲ್ಲಿ ಕೂತರು ಅಂತ ಯಾವ ನಮೂನೆಯೂ ಕೇಳುವುದಿಲ್ಲ. ಅಮೆರಿಕದಲ್ಲಿ ಶಾಲಾ ನಾಯಕರಿಗೆ 2015ರಲ್ಲಿ ಹತ್ತು ಮಾನದಂಡ ಬಂದವು. ಮಾರ್ಷಲ್ ಪ್ರಾಂಶುಪಾಲರಿಗೂ 60 ಸಾಲಿನದೇ ಒಂದು ರೂಬ್ರಿಕ್ ಬರೆದಿದ್ದಾರೆ. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವಾಲ್-ಎಡ್ ಅನ್ನುವ ಸಾಧನದಲ್ಲಿ ಪ್ರಾಂಶುಪಾಲರು, ಅವರ ಮೇಲಧಿಕಾರಿ, ಶಾಲೆಯ ಶಿಕ್ಷಕರು ಮೂವರೂ ತುಂಬುತ್ತಾರೆ. ಯಾವ ಆಧಾರದ ಮೇಲೆ ಹೇಳುತ್ತಿದ್ದೀರಿ ಅಂತಲೂ ಗುರುತು ಮಾಡಬೇಕು. ನಮ್ಮಲ್ಲಿ ಶಾಲೆಗಳು ತಮ್ಮನ್ನು ತಾವೇ ಅಳೆದುಕೊಳ್ಳಲು 2015ರಲ್ಲಿ ಬಂದ ಶಾಲಾ ಸಿದ್ಧಿ ಇದೆ: ಏಳು ಕ್ಷೇತ್ರ, 46 ಮಾನದಂಡ, ಮೂರು ಹಂತ. ಅದರಲ್ಲಿ ಶಾಲಾ ನಾಯಕತ್ವವೂ ಇದೆ, ಶಿಕ್ಷಕರ ವೃತ್ತಿ ಬೆಳವಣಿಗೆಯನ್ನು ನೋಡಿಕೊಳ್ಳುವುದೂ ಇದೆ. ಆದರೆ ಅದನ್ನು ಕಂಪ್ಯೂಟರಿನಲ್ಲಿ ಒಬ್ಬರೇ ಕೂತು ಒಂದು ಮಧ್ಯಾಹ್ನ ತುಂಬಿ ಮುಗಿಸಬೇಡಿ. ಆ ಎರಡು ಕ್ಷೇತ್ರಗಳನ್ನಾದರೂ ಶಿಕ್ಷಕರ ಜೊತೆ ಕೂತು ತುಂಬಿ. ಎಚ್‌ಎಂ ತಮ್ಮ ಬಗ್ಗೆ 2 ಅಂತ ಎಲ್ಲರ ಎದುರು ಬರೆದರೆ, ಶಿಕ್ಷಕರಿಗೂ ತಮ್ಮ ಬಗ್ಗೆ ನಿಜ ಬರೆಯುವ ಧೈರ್ಯ ಬರುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸಲೇಬೇಕು. ಒಬ್ಬ ಮುಖ್ಯ ಶಿಕ್ಷಕಿ ಕೇಳಿದರು: "ಸರ್, ನಮ್ಮದು ಇಬ್ಬರೇ ಶಿಕ್ಷಕರ ಶಾಲೆ. ನಾನೂ ಪಾಠ ಮಾಡಬೇಕು. ನಾನು ಅವರ ತರಗತಿಯಲ್ಲಿ ಕೂತರೆ ನನ್ನ ಮಕ್ಕಳನ್ನು ಯಾರು ನೋಡಿಕೊಳ್ಳೋದು?"

ಇದು ರಾಜ್ಯದ ಸಾವಿರಾರು ಕಿರಿಯ ಪ್ರಾಥಮಿಕ ಶಾಲೆಗಳ ಪ್ರಶ್ನೆ. ಮೇಲಿನ ಯಾವ ರೂಬ್ರಿಕ್ಕೂ ಇಂಥ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ. ನಾನು ಹೇಳಿದ್ದು ಹೀಗೆ. ಪಾಠದ ಹದಿನೈದು ನಿಮಿಷವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಧ್ವನಿ ಮಾತ್ರ ಆದರೂ ಸಾಕು. ಪ್ರಶ್ನೆ ಕೇಳುವ ಸಾಲಿಗೆ ಧ್ವನಿಯೇ ಸಾಕ್ಷಿ. ಸಂಜೆ ಮಕ್ಕಳು ಹೋದ ಮೇಲೆ ಇಬ್ಬರೂ ಕೂತು ಕೇಳಿ. ಒಂದು ವಾರ ನಿಮ್ಮದು, ಒಂದು ವಾರ ಅವರದು. ಮೂರು ಸಾಲಿಗಿಂತ ಜಾಸ್ತಿ ಬೇಡ. ತಿಂಗಳಿಗೊಮ್ಮೆ ಕ್ಲಸ್ಟರ್ ಸಭೆಯಲ್ಲಿ ಪಕ್ಕದ ಶಾಲೆಯವರಿಗೆ ಕೇಳಿಸಿ, ನೀವು ಬರೆದ ಹಂತ ತೋರಿಸದೆ ಅವರು ಯಾವ ಹಂತ ಬರೆಯುತ್ತಾರೆ ನೋಡಿ. ಆ ರೆಕಾರ್ಡಿಂಗ್ ಶಿಕ್ಷಕರದ್ದು, ಅವರು ಒಪ್ಪದೆ ಬೇರೆ ಎಲ್ಲಿಗೂ ಹೋಗಬಾರದು, ವಾಟ್ಸಾಪ್ ಗುಂಪಿಗೆ ಅಂತೂ ಬೇಡವೇ ಬೇಡ. ಸಿಆರ್‌ಪಿಯವರು ಶಾಲೆಗೆ ಬಂದ ದಿನ ನಿಮ್ಮ ಮಕ್ಕಳನ್ನು ಅವರು ಒಂದು ಅವಧಿ ನೋಡಿಕೊಳ್ಳಲಿ, ನೀವು ಹೋಗಿ ಸಹೋದ್ಯೋಗಿಯ ತರಗತಿಯಲ್ಲಿ ಕೂರಿ. ಸಭೆಯಲ್ಲಿದ್ದ ಇಬ್ಬರು ಸಿಆರ್‌ಪಿಗಳು ಇದಕ್ಕೆ ಒಪ್ಪಿದ್ದಾರೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅವರ ಎರಡು ಕ್ಲಸ್ಟರ್‌ಗಳಲ್ಲಿ ಮಾಡಿ ನೋಡುತ್ತಾರೆ.